ಎಲ್‌ಡಿಎಪಿ ಬಳಕೆದಾರರಿಗೆ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಸಾಧನಗಳ ಅನುಮತಿ ಕೊಡುವ ಕ್ರಮ
ಪ್ರಯೋಗಾಲಯದ ಉಬುಂಟು ಕಂಪ್ಯೂಟರಿಗೆ ವಿದ್ಯಾರ್ಥಿಗಳು ಎಲ್‌ಡಿಎಪಿ (ಬಳಕೆದಾರರ ಖಾತೆಗಳನ್ನೆಲ್ಲ ಒಂದೇ ಕಡೆ ಇಡುವ ವ್ಯವಸ್ಥೆ) ಸರ್ವರಿನ ಖಾತೆಯಿಂದ ಲಾಗಿನ್ ಆದಾಗ ಸ್ಪೀಕರ್, ವೆಬ್‌ಕ್ಯಾಮ್ ಎಲ್ಲವೂ ಸರಿಯಾಗಿಯೇ ನಡೆಯುತ್ತವೆ. ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ಪ್ರೋಗ್ರಾಮ್ ಹಾಕಲು ಹೊರಟಾಗ ಮಾತ್ರ ‘ಪರ್ಮಿಶನ್ ಡಿನೈಡ್’ ಎಂದು ಬರುತ್ತದೆ. ಬೋರ್ಡಿನೊಂದಿಗೆ ಮಾತಾಡುವ ಸೀರಿಯಲ್ ಪೋರ್ಟ್ ‘ಡಯಲ್‌ಔಟ್’ ಗುಂಪಿನ ಸ್ವತ್ತಾಗಿದ್ದು, ಆ ಗುಂಪಿನ ಸದಸ್ಯರ ಪಟ್ಟಿ ಆಯಾ ಯಂತ್ರದ ‘/ಇಟಿಸಿ/ಗ್ರೂಪ್’ ಫೈಲಿನಲ್ಲಿರುವುದೇ ಇದಕ್ಕೆ ಕಾರಣ. ‘ಯೂಸರ್‌ಮಾಡ್’ ಕಮಾಂಡ್ ಸ್ಥಳೀಯ ಖಾತೆಗಳನ್ನಷ್ಟೇ ಬಲ್ಲದು, ಆದ್ದರಿಂದ ಅದರಿಂದ ಇವರನ್ನು ಗುಂಪಿಗೆ ಸೇರಿಸಲಾಗದು.

ಈ ಗುಂಪನ್ನೇ ಸರ್ವರಿನಲ್ಲಿ ಸೃಷ್ಟಿಸುವ ಯೋಚನೆಯನ್ನು ಬಿಡುವುದು ಒಳ್ಳೆಯದು. ಡಯಲ್‌ಔಟ್‌ನ ಸಂಖ್ಯೆ ಡೆಬಿಯನ್, ಉಬುಂಟುಗಳಲ್ಲಿ 20, ಫೆಡೋರಾದಲ್ಲಿ 18. ಎರಡೂ ಬಗೆಯ ಯಂತ್ರಗಳಿರುವ ಕಡೆ ಅನುಮತಿ ಬೇರಾವುದೋ ಗುಂಪಿಗೆ ಹೋಗಿಬಿಡಬಹುದು.

ಸ್ಪೀಕರಿಗೆ ಈ ತೊಂದರೆ ಬಾರದಿರುವುದು ಲಾಗಿನ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ-ಲಾಗಿನ್‌ಡಿ ಸೇವೆಯಿಂದ. ‘ಯುಆಕ್ಸೆಸ್’ ಟ್ಯಾಗ್ ಇರುವ ಸಾಧನಗಳಿಗೆ ಅದು ಪರದೆಯ ಮುಂದೆ ಕುಳಿತವರ ಹೆಸರಿನಲ್ಲೇ ಅನುಮತಿ ಬರೆದು, ಅವರು ಲಾಗ್‌ಔಟ್ ಆದೊಡನೆ ತೆಗೆದುಹಾಕುತ್ತದೆ. ಖಾತೆ ಎಲ್ಲಿಂದ ಬಂತೆಂಬುದು ಅದಕ್ಕೆ ಮುಖ್ಯವಲ್ಲ. ಬೋರ್ಡಿಗೂ ಇದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಬೇಕಾದುದು ಯುಡೆವ್, ಅಂದರೆ ಸಿಕ್ಕಿಸಿದ ಸಾಧನಗಳನ್ನು ಗುರುತಿಸಿ ನಿಯಮ ಅನ್ವಯಿಸುವ ವ್ಯವಸ್ಥೆ. ‘/ಇಟಿಸಿ/ಯುಡೆವ್/ರೂಲ್ಸ್.ಡಿ’ ಒಳಗೆ ‘70-ಆರ್ಡುಯಿನೊ.ರೂಲ್ಸ್’ ಎಂಬ ಫೈಲ್ ತೆರೆದು, ಸಬ್‌ಸಿಸ್ಟಮ್ ‘ಟಿಟಿವೈ’ ಆಗಿದ್ದು ತಯಾರಕರ ಸಂಖ್ಯೆ 2341 ಆಗಿದ್ದರೆ ಯುಆಕ್ಸೆಸ್ ಟ್ಯಾಗ್ ಸೇರಿಸಬೇಕೆಂಬ ಒಂದೇ ಸಾಲಿನ ನಿಯಮ ಬರೆಯಿರಿ. ಈ ಫೈಲುಗಳು ಸಂಖ್ಯೆಯ ಕ್ರಮದಲ್ಲಿ ನಡೆಯುತ್ತವೆ, ಅನುಮತಿ ಜಾರಿಯಾಗುವುದು 73ರಿಂದ ಶುರುವಾಗುವ ನಿಯಮದ ಫೈಲಿನಲ್ಲಾದ್ದರಿಂದ ನಿಮ್ಮ ಫೈಲಿನ ಸಂಖ್ಯೆ ಅದಕ್ಕಿಂತ ಕಡಿಮೆಯಿರಲೇಬೇಕು. 99 ಎಂದಿಟ್ಟರೆ ಯಾವ ದೋಷಸಂದೇಶವೂ ಇಲ್ಲದೆ ನಿಯಮ ನಿಷ್ಫಲವಾಗುತ್ತದೆ. ಅಗ್ಗದ ಬೋರ್ಡುಗಳಲ್ಲಿ ಸಿಎಚ್340 ಚಿಪ್ ಇರುವುದುಂಟು, ಅದರ ಸಂಖ್ಯೆ 1ಎ86. ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ಕೊಟ್ಟು ನಿಮ್ಮ ಬೋರ್ಡಿನ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಿ. ಯುಡೆವ್ ನಿಯಮಗಳನ್ನು ರಿಲೋಡ್ ಮಾಡಿ, ಬೋರ್ಡನ್ನು ಕಳಚಿ ಮತ್ತೆ ಸಿಕ್ಕಿಸಿ, ಆ ಪೋರ್ಟಿನ ಮೇಲೆ ‘ಗೆಟ್‌ಎಫ್‌ಎಸಿಎಲ್’ ಓಡಿಸಿದರೆ ವಿದ್ಯಾರ್ಥಿಯ ಹೆಸರಿನ ಮುಂದೆ ‘ಆರ್‌ಡಬ್ಲ್ಯೂ’ (ಓದುವ, ಬರೆಯುವ ಅನುಮತಿ) ಕಾಣಬೇಕು.

ಎಸ್‌ಎಸ್‌ಎಚ್ ಮೂಲಕ ದೂರದಿಂದ ಬರುವವರಿಗೆ ಯುಆಕ್ಸೆಸ್ ಅನ್ವಯಿಸುವುದಿಲ್ಲ. ಅವರಿಗೂ ಪೋರ್ಟ್ ಬೇಕಿದ್ದರೆ ಲಾಗಿನ್ ಪರಿಶೀಲಿಸುವ ವ್ಯವಸ್ಥೆಯಾದ ಪ್ಯಾಮ್‌ನ ‘ಪ್ಯಾಮ್_ಗ್ರೂಪ್’ ಮಾಡ್ಯೂಲನ್ನು ಆಥ್ ವಿಭಾಗಕ್ಕೆ ಸೇರಿಸಿ, ‘/ಇಟಿಸಿ/ಸೆಕ್ಯೂರಿಟಿ/ಗ್ರೂಪ್.ಕಾನ್ಫ್’ ಫೈಲಿನಲ್ಲಿ ಸೇವೆ, ಟರ್ಮಿನಲ್, ಬಳಕೆದಾರ, ವೇಳೆ, ಗುಂಪು ಎಂಬ ಐದು ಅಂಶಗಳನ್ನು ಇದೇ ಕ್ರಮದಲ್ಲಿ ಅರ್ಧವಿರಾಮದಿಂದ ಬೇರ್ಪಡಿಸಿ ಬರೆಯಬೇಕು. ಇಲ್ಲಿ ಎಚ್ಚರ ಅಗತ್ಯ: ಒಮ್ಮೆ ಗುಂಪಿನ ಹಕ್ಕು ಪಡೆದವರು ಸೆಟ್‌ಜಿಐಡಿ (ಯಾರು ಓಡಿಸಿದರೂ ಆ ಗುಂಪಿನ ಹಕ್ಕಿನಲ್ಲೇ ನಡೆಯುವ) ಪ್ರೋಗ್ರಾಮೊಂದನ್ನು ಮಾಡಿಟ್ಟುಕೊಂಡು ಆ ಹಕ್ಕನ್ನು ಮುಂದೆಯೂ ಉಳಿಸಿಕೊಳ್ಳಬಲ್ಲರು. ಆದ್ದರಿಂದ ಹೋಮ್, ಟೆಂಪ್ ಸೇರಿದಂತೆ ಬಳಕೆದಾರರು ಬರೆಯಬಲ್ಲ ಎಲ್ಲ ಫೈಲ್‌ಸಿಸ್ಟಮ್‌ಗಳನ್ನೂ ಇಂಥ ಪ್ರೋಗ್ರಾಮುಗಳ ವಿಶೇಷ ಹಕ್ಕನ್ನು ತಡೆಯುವ ‘ನೋಸುಯಿಡ್’ ಆಯ್ಕೆಯೊಂದಿಗೆ ಮೌಂಟ್ ಮಾಡಿದ ಮೇಲೆಯೇ ಈ ಮಾಡ್ಯೂಲನ್ನು ಚಾಲೂ ಮಾಡಿ.