ಮಲ್ಪೆಯ ಐಸ್ ಪ್ಲಾಂಟಿಗೆ ರಿಸ್ಕ್-ಫೈವ್ ಹೊಕ್ಕಿದ್ದು

ಮಲ್ಪೆ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ಟೆಂಪರೇಚರ್ ನೋಡುವ ಕೆಲಸ ಈಗ ಪೂರ್ತಿ ರಿಸ್ಕ್-ಫೈವ್ (RISC-V) ಅನ್ನುವ ಜಾತಿಯ ಚಿಪ್‌ಗಳದ್ದು. ಉಪ್ಪುನೀರಿನ ಟ್ಯಾಂಕಿನ ಪಕ್ಕ ಒಂದು ಸಣ್ಣ ಚಿಪ್, ಅದರ ಲೆಕ್ಕ ತಗೊಂಡು ವೈಫೈಗೆ ದಾಟಿಸುವ ಇನ್ನೊಂದು, ಆಫೀಸ್ ಕೋಣೆಯಲ್ಲಿ ಡೆಬಿಯನ್ ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್. ಮೂರೂ ಒಂದೇ ಜಾತಿ. ಹಟ ಹಿಡಿದು ಹಾಗೆ ಮಾಡಿದ್ದಲ್ಲ. ಒಂದೊಂದಾಗಿ ಬದಲಾಯಿಸುತ್ತಾ ಹೋದೆ, ಕೊನೆಗೆ ಎಲ್ಲವೂ ಅದೇ ಆಯಿತು.

ಹೊಸಬರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕೂಡಿಸು, ಮೆಮೊರಿಯಿಂದ ತಾ, ಅಲ್ಲಿಗೆ ಹಾರು ಅಂತ ಪ್ರೊಸೆಸರಿಗೆ ಹೇಳುವ ಆಜ್ಞೆಗಳ ಒಂದು ಪಟ್ಟಿ ಇರುತ್ತದೆ. ಆರ್ಮ್ ಕಂಪನಿಯ ಪಟ್ಟಿ ಇಟ್ಟುಕೊಂಡು ಚಿಪ್ ಮಾಡಬೇಕಾದರೆ ಲೈಸೆನ್ಸ್ ಬೇಕು. 2010ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ ರಿಸ್ಕ್-ಫೈವ್ ಪಟ್ಟಿಗೆ ಅದು ಬೇಡ, ಯಾರು ಬೇಕಾದರೂ ಬಳಸಬಹುದು. ನಮ್ಮ ದೇಶದಲ್ಲೂ ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರ್‌ಗಳು ಇದೇ ಪಟ್ಟಿಯವು.

ನಾನು ಇದಕ್ಕೆ ಬಂದದ್ದು ತತ್ವಕ್ಕಾಗಿ ಅಲ್ಲ. 2021ರಲ್ಲಿ ಚಿಪ್ ಬರಗಾಲ ಬಂತಲ್ವಾ, ಆಗ ನಾನು ದಿನಾ ಬಳಸುತ್ತಿದ್ದ ಆರ್ಮ್ ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನ ಸಣ್ಣ ಕಂಪ್ಯೂಟರ್, ಕೈಗೆ ಸಿಗುತ್ತಿರಲಿಲ್ಲ. ಸಿಕ್ಕಿದರೂ ಬೆಲೆ ಕೇಳುವ ಹಾಗಿರಲಿಲ್ಲ. ಬೇರೆ ದಾರಿ ಇಲ್ಲದೆ ವೈಫೈ ಇರುವ ಚಿಪ್ ಇಎಸ್‌ಪಿ32-ಸಿ3 ತರಿಸಿದೆ. ಹಳೆಯ ಇಎಸ್‌ಪಿ32 ಒಳಗೆ ಎಕ್ಸ್‌ಟೆನ್ಸಾ ಅನ್ನುವ ಖಾಸಗಿ ಕೋರ್, ಅಂದರೆ ಆಜ್ಞೆಗಳನ್ನು ನಡೆಸುವ ಭಾಗ, ಇರುತ್ತದೆ. ಸಿ3ಯಲ್ಲಿ 160 ಮೆಗಾಹರ್ಟ್ಸ್‌ನ ಒಂದು ರಿಸ್ಕ್-ಫೈವ್ ಕೋರ್. ನನ್ನ ಆರ್ಡುಯಿನೊ ಕೋಡ್ ತಕರಾರಿಲ್ಲದೆ ಓಡಿತು. ಒಳಗಿನ ಕೋರ್ ಬೇರೆ ಅಂತ ಗೊತ್ತೇ ಆಗಲಿಲ್ಲ. ಧೈರ್ಯ ಬಂದದ್ದು ಅಲ್ಲಿಂದ.

ಐಸ್ ಪ್ಲಾಂಟಿನ ಕೆಲಸ ಬಂದದ್ದು ಆಮೇಲೆ. ಅಲ್ಲಿ ಅಮೋನಿಯಾ ಕಾಯಿಲ್‌ಗಳು ದೊಡ್ಡ ಟ್ಯಾಂಕಿನ ಉಪ್ಪುನೀರನ್ನು ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕೆಳಗೆ ಇಳಿಸುತ್ತವೆ. ಸಿಹಿನೀರು ತುಂಬಿದ ಕ್ಯಾನ್‌ಗಳನ್ನು ಅದರೊಳಗೆ ಇಳಿಬಿಟ್ಟರೆ ನೀರು ಗಟ್ಟಿಯಾಗಿ ಐಸ್ ಬ್ಲಾಕ್ ಆಗುತ್ತದೆ. ಕರೆಂಟ್ ಹೋಗಿ ಟ್ಯಾಂಕ್ ಬಿಸಿಯಾದರೆ ಬ್ಲಾಕಿನ ನಡುವೆ ಟೊಳ್ಳು ಉಳಿಯುತ್ತದೆ, ಬೋಟಿನವರು ಜೆಟ್ಟಿಯಲ್ಲಿ ಕಾಯಬೇಕು. ಆಪರೇಟರ್ ಥರ್ಮಾಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. "ರಾತ್ರಿ ಎದ್ದು ಬಂದು ನೋಡುವುದು ತಪ್ಪಿದರೆ ಸಾಕು ಮಾರಾಯ್ರೆ, ಗ್ರಾಫು ಗೀಫು ನಮಗೆ ಬೇಡ" ಅಂದರು ಧಣಿಗಳು.

ಟ್ಯಾಂಕಿನ ಹತ್ತಿರ ವೈಫೈ ಇಡುವ ಆಸೆ ಬೇಡ. ಸುತ್ತ ಕಬ್ಬಿಣ, ಒದ್ದೆ ಗೋಡೆ. ಹಾಗಾಗಿ ಆರ್‌ಎಸ್-485 ವೈರ್ (ದೂರಕ್ಕೆ ಡೇಟಾ ಸಾಗಿಸುವ ಜೋಡಿ ತಂತಿ) ಎಳೆದೆ. ಅದರ ಆ ತುದಿಯಲ್ಲಿ ಸಿ3 ಕೂತು ಲೆಕ್ಕವನ್ನು ವೈಫೈಗೆ ದಾಟಿಸುತ್ತದೆ. ಸೆನ್ಸರ್ ಡಿಎಸ್‌18ಬಿ20, ಸ್ಟೀಲ್ ಕೊಳವೆಯೊಳಗಿನದು. ಅದನ್ನು ಓದುವುದಕ್ಕೆ ರಿಸ್ಕ್-ಫೈವ್ ಚಿಪ್ ಸಿಎಚ್32ವಿ003. 2022ರಲ್ಲಿ ಬಂದಾಗ ಇದು ಹತ್ತು ಸೆಂಟಿನ ಚಿಪ್ ಅಂತಲೇ ಸುದ್ದಿಯಾಗಿತ್ತು. ಬಿಡಿಯಾಗಿ ತಂದರೂ ಒಂದು ಚಾ ಕುಡಿದಷ್ಟು ಖರ್ಚು. 48 ಮೆಗಾಹರ್ಟ್ಸ್, 16 ಕೆಬಿ ಫ್ಲಾಶ್, 2 ಕೆಬಿ ರ್‍ಯಾಮ್. ನನಗೆ ಹಿಡಿಸಿದ್ದು ಇದು 5 ವೋಲ್ಟ್‌ನಲ್ಲೇ ಓಡುತ್ತದೆ ಅನ್ನುವುದು. ಆರ್‌ಎಸ್-485 ಚಿಪ್ಪಿಗೂ ಅದೇ ಸಪ್ಲೈ ಸಾಕು.

ಇದರ ಕೋರ್ ಬಹಳ ಬಡಪಾಯಿ. ಸಾಮಾನ್ಯ ರಿಸ್ಕ್-ಫೈವ್‌ನಲ್ಲಿ 32 ರಿಜಿಸ್ಟರ್ (ಕೋರಿನೊಳಗಿನ ಪುಟ್ಟ ಲೆಕ್ಕದ ಖಾನೆ), ಇದರಲ್ಲಿ 16. ಗುಣಾಕಾರದ ಆಜ್ಞೆಯೇ ಇಲ್ಲ, ಕೋಡಿನಲ್ಲಿ ಗುಣಿಸಿದರೆ ಕೋಡನ್ನು ಆಜ್ಞೆಗಳಾಗಿ ಬದಲಿಸುವ ಕಂಪೈಲರ್ ಅದಕ್ಕೊಂದು ಫಂಕ್ಷನ್ ತುರುಕುತ್ತದೆ. ದಶಮಾಂಶದ ಲೆಕ್ಕ ಪ್ರಿಂಟ್ ಮಾಡಲು ಹೊರಟರೆ 16 ಕೆಬಿಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಆದರೆ ಡಿಎಸ್‌18ಬಿ20 ಕೊಡುವುದು ಡಿಗ್ರಿಯ ಹದಿನಾರನೇ ಒಂದು ಭಾಗದ ಲೆಕ್ಕದಲ್ಲಿ. ಮೈನಸ್ 160 ಅಂತ ಬಂದರೆ ಮೈನಸ್ 10 ಡಿಗ್ರಿ. ನಾನು ಆ ಮೈನಸ್ 160ನ್ನೇ ಹಾಗೇ ವೈರ್ ಮೇಲೆ ಕಳಿಸುತ್ತೇನೆ. ಭಾಗಿಸುವ ಕೆಲಸ ಆಫೀಸಿನ ಬೋರ್ಡ್ ಮಾಡಿಕೊಳ್ಳಲಿ.

ಅಲ್ಲಿ ಚಿಪ್ಪಿಗಿಂತ ದೊಡ್ಡ ತಲೆನೋವು ಅಮೋನಿಯಾ. ಅದಕ್ಕೆ ತಾಮ್ರ ಅಂದರೆ ಆಗುವುದಿಲ್ಲ, ಅದಕ್ಕೇ ಅಮೋನಿಯಾ ಪೈಪ್‌ಗಳೆಲ್ಲ ಕಬ್ಬಿಣದವು. ಅಲ್ಲಿ ಮೊದಲಿದ್ದ ರೆಡಿಮೇಡ್ ಮೀಟರ್ ಬಿಚ್ಚಿದಾಗ ಟರ್ಮಿನಲ್ ಸ್ಕ್ರೂಗಳ ಸುತ್ತ ಹಸಿರು ಕಿಲುಬು ದಪ್ಪಗೆ ಕೂತಿತ್ತು, ಉಗುರಲ್ಲಿ ಕೆರೆದರೆ ಪುಡಿಪುಡಿ ಉದುರುತ್ತಿತ್ತು. ಮೇಲಿಂದ ಕಡಲ ಉಪ್ಪುಗಾಳಿ ಬೇರೆ. ನನ್ನ ಬೋರ್ಡಿನಲ್ಲಿ ಸ್ಕ್ರೂ ಟರ್ಮಿನಲ್ ಇಡಲೇ ಇಲ್ಲ. ವೈರ್‌ಗಳನ್ನು ನೇರ ಬೆಸುಗೆ ಹಾಕಿ, ಇಡೀ ಬೋರ್ಡನ್ನು ಎಪಾಕ್ಸಿಯಲ್ಲಿ ಮುಳುಗಿಸಿದೆ. ಕೆಟ್ಟರೆ ರಿಪೇರಿ ಇಲ್ಲ, ಬಿಸಾಡಿ ಇನ್ನೊಂದು ಹಾಕುವುದೇ. ಚಿಪ್ ಇಷ್ಟು ಅಗ್ಗ ಇರುವುದರಿಂದಲೇ ಈ ಉಪಾಯ ನಡೆಯುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ, ಪ್ಲಾಂಟೂ ನಿಂತಿರುತ್ತದೆ. ವೈರಿಂಗ್ ಎಲ್ಲ ಮುಗಿಸಿದ್ದು ಆಗಲೇ.

ಇನ್ನು ಸಾಫ್ಟ್‌ವೇರ್. ಜಿಸಿಸಿ ಕಂಪೈಲರಿಗೆ 2017ರಿಂದಲೇ ರಿಸ್ಕ್-ಫೈವ್ ಗೊತ್ತು. ಲಿನಕ್ಸಿನ ತಿರುಳಾದ ಕರ್ನಲ್‌ಗೆ 2018ರಿಂದ. ಅಂದರೆ ಅಗ್ಗದ ಚಿಪ್‌ಗಳು ನಮ್ಮ ಕೈಗೆ ಬರುವ ಹೊತ್ತಿಗೆ ಟೂಲ್‌ಗಳು ತಯಾರಾಗಿ ಕೂತಿದ್ದವು. ಮೂರೂ ಒಂದೇ ಜಾತಿ ಆದದ್ದರ ಲಾಭ ನನಗೆ ಗೊತ್ತಾದದ್ದು ಪ್ರೋಗ್ರಾಮ್ ಬಿದ್ದಾಗ, ಅಂದರೆ ಕ್ರ್ಯಾಶ್ ಆದಾಗ. ಎಂಕಾಸ್ ಅಂತ ಒಂದು ರಿಜಿಸ್ಟರ್ ಇದೆ, ಯಾಕೆ ಬಿತ್ತು ಅಂತ ಹೇಳುತ್ತದೆ. 2 ಅಂದರೆ ಕೋರಿಗೆ ಗೊತ್ತಿಲ್ಲದ ಆಜ್ಞೆ, 5 ಅಂದರೆ ಓದಬಾರದ ಜಾಗ ಓದಲು ಹೋಗಿದೆ. ಎಂಇಪಿಸಿ ನೋಡಿದರೆ ಎಲ್ಲಿ ಬಿತ್ತು ಅಂತ ಗೊತ್ತಾಗುತ್ತದೆ. ಹತ್ತು ಸೆಂಟಿನ ಚಿಪ್ಪಿನಲ್ಲೂ ಇದೇ, ಸಿ3 ಸತ್ತಾಗ ಸೀರಿಯಲ್‌ನಲ್ಲಿ ಕಕ್ಕುವ ಪಟ್ಟಿಯಲ್ಲೂ ಇದೇ ಹೆಸರು, ಇದೇ ನಂಬರ್. ಆಫೀಸ್ ಬೋರ್ಡಿನ ಕರ್ನಲ್ ಬಿದ್ದರೆ ಅದು ತೋರಿಸುವುದೂ ಇದೇ ತರಹದ ಲೆಕ್ಕ. ಒಮ್ಮೆ ಕಲಿತದ್ದು ಮೂರು ಕಡೆ ನಡೆಯುತ್ತದೆ.

ಹಾಗಂತ ಕೋಡ್ ಒಂದು ಚಿಪ್‌ನಿಂದ ಇನ್ನೊಂದಕ್ಕೆ ಸುಮ್ನೆ ಎತ್ತಿ ಹಾಕಬಹುದು ಅಂದುಕೊಳ್ಳಬೇಡಿ. ಮುಕ್ತ ಆಗಿರುವುದು ಆಜ್ಞೆಗಳ ಪಟ್ಟಿ ಮಾತ್ರ. ಟೈಮರ್, ಯುಆರ್ಟ್ (ಸೀರಿಯಲ್ ಸಂಪರ್ಕ), ಪಿನ್‌ಗಳು ಒಬ್ಬೊಬ್ಬ ತಯಾರಕರದ್ದು ಒಂದೊಂದು ತರಹ. ಚಿಪ್ಪಿನ ಒಳಗಿನ ವಿನ್ಯಾಸ ಮುಕ್ತ ಇರಬೇಕು ಅಂತಲೂ ಇಲ್ಲ. ಸಿಎಚ್32ವಿ003ರಲ್ಲಿ ಇಂಟರಪ್ಟ್ (ಕೆಲಸದ ನಡುವೆ ಬರುವ ತುರ್ತು ಕರೆ) ಬಂದಾಗ ರಿಜಿಸ್ಟರ್‌ಗಳನ್ನು ಹಾರ್ಡ್‌ವೇರೇ ಉಳಿಸಿಡುವ ಒಂದು ಸ್ವಂತ ಏರ್ಪಾಡಿದೆ. ತಯಾರಕರ ಕಂಪೈಲರಿಗೆ ಅದು ಗೊತ್ತು, ಮಾಮೂಲಿ ಜಿಸಿಸಿಗೆ ಗೊತ್ತಿಲ್ಲ. ನಾನು ಆ ಏರ್ಪಾಡನ್ನು ಆಫ್ ಮಾಡಿ ಮಾಮೂಲಿ ದಾರಿ ಹಿಡಿದೆ. ಕೆಲವು ಸೈಕಲ್ ಜಾಸ್ತಿ ಹೋಗುತ್ತದೆ, ಹೋಗಲಿ. ಟ್ಯಾಂಕಿನ ನೀರಿಗೆ ಅಷ್ಟೇನೂ ಅವಸರ ಇಲ್ಲ.

ಆಫೀಸ್ ಕೋಣೆಯಲ್ಲಿರುವುದು ವಿಷನ್‌ಫೈವ್ 2. ನಾಲ್ಕು ಕೋರ್, 1.5 ಗಿಗಾಹರ್ಟ್ಸ್. ಅದರಲ್ಲಿ ಸಂದೇಶ ದಾಟಿಸುವ ಮೊಸ್ಕಿಟೊ, ಲೆಕ್ಕ ಕೂಡಿಡುವ ಎಸ್‌ಕ್ಯೂಲೈಟ್, ಒಂದು ಪೈಥಾನ್ ಪ್ರೋಗ್ರಾಮ್, ಅಷ್ಟೇ. ಟ್ಯಾಂಕ್ ಮೈನಸ್ 7 ದಾಟಿ ಮೇಲೆ ಬಂದರೆ ಧಣಿಗಳ ಫೋನಿಗೂ ಆಪರೇಟರ್ ಫೋನಿಗೂ ಮೆಸೇಜ್ ಹೋಗುತ್ತದೆ. 2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂತು, ರಿಸ್ಕ್-ಫೈವ್ 64 ಬಿಟ್‌ಗೆ ಅಧಿಕೃತ ಬೆಂಬಲ ಸಿಕ್ಕಿದ ಮೊದಲ ಡೆಬಿಯನ್ ಅದು. ಡೆಬಿಯನ್ ಸಾಫ್ಟ್‌ವೇರ್ ತರಿಸುವ ಎಪಿಟಿಯಲ್ಲಿ ನನಗೆ ಬೇಕಾದದ್ದೆಲ್ಲ ಸಿಗುತ್ತದೆ. ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ತರಿಸುವ ಟೂಲ್) ತರಲು ಹೋದರೆ ತುಂಬಾ ಪ್ಯಾಕೇಜ್‌ಗಳಿಗೆ ರೆಡಿ ಫೈಲ್ ಇರುವುದಿಲ್ಲ, ಬೋರ್ಡ್ ಅಲ್ಲೇ ಕಂಪೈಲ್ ಮಾಡಲು ಕೂರುತ್ತದೆ. ನಮ್‌ಪೈ (ಲೆಕ್ಕದ ಪೈಥಾನ್ ಪ್ಯಾಕೇಜ್) ತರಹದ್ದನ್ನು ಹಾಗೆ ಹಾಕುವುದಾದರೆ ಊಟ ಮುಗಿಸಿ ಬನ್ನಿ. ಡಾಕರ್‌ನಲ್ಲೂ ಇದೇ ಕತೆ, ಕೆಲವು ಇಮೇಜ್ (ಸಿದ್ಧ ಸಾಫ್ಟ್‌ವೇರ್ ಕಟ್ಟು) ಇವೆ, ಕೆಲವು ಇಲ್ಲ.

ನಿಜ ಹೇಳಬೇಕೆಂದರೆ ಈ ಮೂರನೆಯ ಜಾಗಕ್ಕೆ ರಾಸ್ಪ್‌ಬೆರಿ ಪೈ 4 ಹಾಕಿದ್ದರೆ ಕೆಲಸ ಸಲೀಸಾಗುತ್ತಿತ್ತು. ವೇಗದಲ್ಲೂ ಅದೇ ಮುಂದೆ. ಇಲ್ಲಿ ರಿಸ್ಕ್-ಫೈವ್ ಹಾಕಿದ್ದು ನನ್ನ ಕಲಿಕೆಯ ಆಸೆಗೆ, ಗಿರಾಕಿಯ ಲಾಭಕ್ಕೆ ಅಲ್ಲ. ಅದನ್ನು ಧಣಿಗಳಿಗೆ ಹೇಳಿಯೇ ಹಾಕಿದ್ದು. ಕೆಳಗಿನ ಎರಡು ಚಿಪ್‌ಗಳ ವಿಷಯ ಬೇರೆ, ಅಲ್ಲಿ ಬೆಲೆಗೆ ತಕ್ಕ ಕೆಲಸ ಇವುಗಳದ್ದೇ.

ದೊಡ್ಡ ಬೋರ್ಡ್ ಕೊಳ್ಳುವವರು ಒಂದು ವಿಷಯ ಗಮನದಲ್ಲಿಡಿ. 2024ರ ಅಕ್ಟೋಬರಿನಲ್ಲಿ ಆರ್‌ವಿಎ23 ಅನ್ನುವ ಪ್ರೊಫೈಲ್ ಪಾಸಾಯಿತು. ಕೋರಿನಲ್ಲಿ ಯಾವ್ಯಾವ ಆಜ್ಞೆ ಇರಲೇಬೇಕು ಅಂತ ಅದು ಹೇಳುತ್ತದೆ, ಒಂದೇ ಏಟಿಗೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ವೆಕ್ಟರ್ ಆಜ್ಞೆಗಳೂ ಅದರಲ್ಲಿ ಸೇರಿವೆ. ಉಬುಂಟು ಲಿನಕ್ಸ್ 25.10ಕ್ಕೆ ಇದು ಬೇಕೇ ಬೇಕು. ವಿಷನ್‌ಫೈವ್ 2ರಲ್ಲಿ ವೆಕ್ಟರ್ ಇಲ್ಲ, ಹಾಗಾಗಿ ಅದಕ್ಕೆ ಉಬುಂಟು 24.04 ಅಥವಾ ಡೆಬಿಯನ್ನೇ ಗತಿ. ಹೊಸದಾಗಿ ದುಡ್ಡು ಹಾಕುವವರು ಬಾಕ್ಸ್ ಮೇಲೆ ಎಷ್ಟು ಕೋರ್ ಅಂತ ನೋಡುವ ಮೊದಲು ಪ್ರೊಫೈಲ್ ಯಾವುದು ಅಂತ ಕೇಳಿ.

ಕಾಲೇಜು ಹುಡುಗರು ಆಗಾಗ ಬಂದು ಎಲ್ಲಿಂದ ಶುರು ಮಾಡುವುದು ಸರ್ ಅಂತ ಕೇಳುತ್ತಾರೆ. ಆರ್ಮ್, ರಿಸ್ಕ್-ಫೈವ್ ಎರಡರ ರುಚಿಯೂ ನೋಡಬೇಕಾದರೆ ರಾಸ್ಪ್‌ಬೆರಿ ಪೈ ಪಿಕೊ 2 ತಗೊಳ್ಳಿ ಅನ್ನುತ್ತೇನೆ. 2024ರಲ್ಲಿ ಬಂದ ಅದರ ಚಿಪ್ಪಿನಲ್ಲಿ ಎರಡು ಆರ್ಮ್ ಕೋರ್, ಎರಡು ರಿಸ್ಕ್-ಫೈವ್ ಕೋರ್ ಇವೆ, ಬೂಟ್ ಆಗುವಾಗ ಯಾವುದು ಬೇಕು ಅಂತ ಆರಿಸಬಹುದು. ಆ ರಿಸ್ಕ್-ಫೈವ್ ಕೋರಿನ ವಿನ್ಯಾಸವೂ ಮುಕ್ತ, ಒಳಗೆ ಹೇಗಿದೆ ಅಂತ ತೆರೆದು ಓದಬಹುದು. ಸಿಎಚ್32ವಿ003ಕ್ಕೇ ಕೈ ಹಾಕುವವರು ಪ್ರೋಗ್ರಾಮರ್ (ಚಿಪ್ಪಿಗೆ ಕೋಡ್ ತುಂಬುವ ಸಾಧನ) ತರಿಸುವಾಗ ಹೆಸರಿನ ಕೊನೆಯಲ್ಲಿ ಇ ಅಕ್ಷರ ಇರುವ ಲಿಂಕ್-ಇ ಮಾದರಿಯನ್ನೇ ತರಿಸಿ. ಇ ಇಲ್ಲದ ಹಳೆಯದು ಈ ಚಿಪ್ಪಿನ ಒಂಟಿ ವೈರಿನ ಜೊತೆ ಮಾತಾಡುವುದಿಲ್ಲ.