ಮನೆ ರಿಪೇರಿ ಮೇಜಿಗೆ ಮೊದಲು ಮಲ್ಟಿಮೀಟರ್, ಆಮೇಲೆ ಸೀರೀಸ್ ಬೋರ್ಡ್

ಕಾರವಾರ, ಅಂಕೋಲಾ, ಕುಮಟಾ ಕಡೆಯ ಗೆಳೆಯರೇ, ಮನೆಯಲ್ಲೇ ರೇಡಿಯೊ, ಚಾರ್ಜರ್ ರಿಪೇರಿ ಕಲಿಯುವವರು ಶುರುವಿನಲ್ಲೇ ಆಸಿಲೋಸ್ಕೋಪ್‌ಗೆ (ವಿದ್ಯುತ್ ಅಲೆಯನ್ನು ಪರದೆಯಲ್ಲಿ ತೋರಿಸುವ ಯಂತ್ರ) ದುಡ್ಡು ಹಾಕಬೇಡಿ. ವೋಲ್ಟ್, ಆಂಪಿಯರ್, ಓಮ್ ಅಳೆಯುವ ಒಂದು ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಕಂಟಿನ್ಯುಟಿ ಬೀಪ್ (ವೈರು ತುಂಡಾಗದೆ ಕೂಡಿದ್ದರೆ ಸದ್ದು ಮಾಡುವುದು), ಡಯೋಡ್ ಟೆಸ್ಟ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಸರಿಯಿದೆಯೇ ಎಂದು ನೋಡುವುದು) ಇರಲಿ. ಮನೆಯ 230 ವೋಲ್ಟ್ ಲೈನ್ ಅಳೆಯುವುದಾದರೆ ಕ್ಯಾಟ್ 3 (CAT III ಎಂಬ ಸುರಕ್ಷತಾ ದರ್ಜೆ), 600 ವೋಲ್ಟ್ ಗುರುತು ಇರುವುದನ್ನೇ ಕೊಳ್ಳಿ. ಕೆಂಪು ವೈರು ಆಂಪಿಯರ್ ತೂತಿನಲ್ಲಿದ್ದಾಗ ಪ್ಲಗ್ ಪಾಯಿಂಟ್ ಮುಟ್ಟಿಸಲೇಬೇಡಿ, ಅದು ನೇರ ಶಾರ್ಟ್.

ಎರಡನೆಯದು ಸೀರೀಸ್ ಬೋರ್ಡ್, ಅಂದರೆ ಸಾಕೆಟ್ಟಿಗೆ ಹೋಗುವ ಕರೆಂಟು ಒಂದು ಬಲ್ಬಿನ ಮೂಲಕವೇ ಹಾದು ಹೋಗುವಂತೆ ಜೋಡಿಸಿದ ಬೋರ್ಡು. ಇದಕ್ಕೆ ಖರ್ಚು ಕಡಿಮೆ, ಉಪಯೋಗ ತುಂಬಾ ಜಾಸ್ತಿ. ಒಂದು ಹೋಲ್ಡರ್, ಒಂದು ಸಾಕೆಟ್, 60 ಅಥವಾ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್. ಎಲ್‌ಇಡಿ ನಡೆಯುವುದಿಲ್ಲ. ರಿಪೇರಿ ಮಾಡಿದ ಸೆಟ್ಟನ್ನು ಮೊದಲು ಇದರಲ್ಲೇ ಹಾಕಿ ನೋಡಿ. ಬಲ್ಬ್ ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಒಮ್ಮೆ ಹೊಳೆದು ಮಂಕಾದರೆ ಸಾಮಾನ್ಯವಾಗಿ ಶಾರ್ಟ್ ಇಲ್ಲ. ಬಲ್ಬ್ ಇದೆಯಲ್ಲ ಅಂತ ಒಳಗೆ ಕೈ ಹಾಕಬೇಡಿ, ಶಾಕ್ ಹೊಡೆದೇ ಹೊಡೆಯುತ್ತದೆ.

ನಮ್ಮ ಕಡಲ ಉಪ್ಪುಗಾಳಿ, ಮಳೆಗಾಲದ ತೇವ ಗೊತ್ತಲ್ವಾ? ಮೀಟರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಂಕಿ ಕುಣಿಯುತ್ತಿದ್ದರೆ ಪ್ರೋಬ್ (ಅಳೆಯಲು ಮುಟ್ಟಿಸುವ ವೈರಿನ ಕಡ್ಡಿ) ತುದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಪರದೆಯಲ್ಲಿ ಬ್ಯಾಟರಿ ಗುರುತು ಬಂದರೆ ಮೊದಲು ಸೆಲ್ ಬದಲಿಸಿ, ಅಲ್ಲಿಯವರೆಗೆ ಅಳತೆ ನಂಬಬೇಡಿ.