ಇಳಿದ ಕಿಲೋ, ಏರಿದ ಕಿಲೋ

ಮೊದಲ ವಾರ ತೂಕ ಸರಸರ ಇಳಿಯಿತು. ಸಿಹಿ ಬಿಟ್ಟೆ, ತಟ್ಟೆಗೆ ಹಾಕಿಕೊಳ್ಳುವುದು ಕಮ್ಮಿ ಮಾಡಿದೆ, ಮಷಿನ್ ಎರಡು ಕಿಲೋ ಕಮ್ಮಿ ತೋರಿಸಿತು. ಹೀಗೇ ಹೋದರೆ ವರ್ಷದೊಳಗೆ ಗಾಳಿಗೆ ಹಾರಿ ಹೋಗುತ್ತೀಯ ಅಂತ ಮನೆಯಲ್ಲಿ ತಮಾಷೆ. ಆಮೇಲೆ ನಿಂತುಬಿಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಒಂದು ಕಿಲೋ ವಾಪಸ್ ಬಂದಿತ್ತು. ಹಿಂದಿನ ದಿನ ತಿಂದದ್ದು ಎಂದಿನಷ್ಟೇ.

ಈ ಏರಿಳಿತ ಬಹುಮಟ್ಟಿಗೆ ನೀರಿನದು. ಲಿವರ್‌ನಲ್ಲಿ, ಸ್ನಾಯುಗಳಲ್ಲಿ ದೇಹ ಗ್ಲೈಕೋಜನ್ ರೂಪದಲ್ಲಿ ಒಂದಿಷ್ಟು ಸಕ್ಕರೆ ಕೂಡಿಟ್ಟುಕೊಂಡಿರುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಊಟ ಕಮ್ಮಿಯಾದಾಗ ಮೊದಲು ಖಾಲಿಯಾಗುವುದು ಇದೇ. ಉಪ್ಪು ಜಾಸ್ತಿ ತಿಂದ ಮರುದಿನ ಏರುವುದೂ ನೀರೇ. ನನಗೆ ಸಮಾಧಾನ ತಂದದ್ದು ಒಂದು ಸಣ್ಣ ಲೆಕ್ಕ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ಬೆಳಗಾಗುವಷ್ಟರಲ್ಲಿ ಅಷ್ಟು ಕೊಬ್ಬು ಸೇರಬೇಕಾದರೆ, ಆ ದಿನದ ಊಟದ ಮೇಲೆ ಇನ್ನೂ ಮೂರ್ನಾಲ್ಕು ದಿನದ ಊಟ ತಿಂದಿರಬೇಕು. ನಾನು ತಿಂದಿರಲಿಲ್ಲ.

ವಾರಕ್ಕೊಮ್ಮೆ ತೂಕ ನೋಡಿದರೆ ಸಾಕು ಅನ್ನುತ್ತಾರೆ. ನನಗದು ಆಗಿಬರಲಿಲ್ಲ. ಆ ಒಂದು ದಿನವೇ ಮೈಯಲ್ಲಿ ನೀರು ನಿಂತಿದ್ದರೆ ವಾರವೆಲ್ಲಾ ಮುಖ ಸಪ್ಪಗೆ. ಅದಕ್ಕೇ ದಿನಾ ನೋಡುತ್ತೇನೆ. ಬೆಳಿಗ್ಗೆ ಎದ್ದು, ಬಾತ್‌ರೂಮಿಗೆ ಹೋಗಿ ಬಂದು, ನೀರು ಕುಡಿಯುವ ಮೊದಲು. ಏಳು ದಿನದ್ದನ್ನೂ ಕೂಡಿ ಏಳರಿಂದ ಭಾಗಿಸುತ್ತೇನೆ. ನೋಟ್‌ಬುಕ್ಕಿನ ಒಂದು ವಾರ ಹೀಗಿದೆ: 82.1, 82.9, 82.4, 82.6, 81.8, 82.0, 81.7. ಎರಡನೇ ದಿನ 800 ಗ್ರಾಂ ಏರಿ ಹೊಟ್ಟೆ ಉರಿಸಿತ್ತು. ಆದರೆ ಸರಾಸರಿ 82.2. ಅದರ ಹಿಂದಿನ ವಾರ 82.6 ಇತ್ತು. ಇಳಿದಿದೆ ಅಲ್ವಾ?

ಮುಟ್ಟಿನ ಮುಂಚಿನ ದಿನಗಳಲ್ಲಿ ಈ ಸರಾಸರಿಯನ್ನೂ ನಂಬುವ ಹಾಗಿಲ್ಲ. ಮೈ ಭಾರ, ಉಂಗುರ ಬಿಗಿ. ಆ ವಾರವನ್ನು ಹಿಂದಿನ ತಿಂಗಳ ಅಂಥದ್ದೇ ವಾರದ ಜೊತೆ ಮಾತ್ರ ಹೋಲಿಸುತ್ತೇನೆ. ಜಿಮ್ಮಿನ ಟ್ರೈನರ್ ಇದನ್ನು ಒಮ್ಮೆಯೂ ಹೇಳಲಿಲ್ಲ, ಯಾಕೋ.

ಹಸಿವಿನ ಕಥೆ ಬೇರೆ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಂಡಸರನ್ನು, ಅವರ ಒಪ್ಪಿಗೆಯ ಮೇಲೆಯೇ, ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟಿದ್ದರು. ತೂಕವೇನೋ ಇಳಿಯಿತು. ಜೊತೆಗೆ ಅವರಿಗೆ ಊಟದ್ದೇ ಧ್ಯಾನ ಹಿಡಿಯಿತು. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಇದನ್ನು ಓದಿ ನನಗೆ ನಗು ಬಂತು. ಆ ದಿನಗಳಲ್ಲಿ ನಾನೂ ರಾತ್ರಿ ಹಾಸಿಗೆಯಲ್ಲಿ ಅಡುಗೆ ವಿಡಿಯೋ ನೋಡುತ್ತಿದ್ದೆ, ಒಂದಾದ ಮೇಲೊಂದು. ಮಾರನೇ ದಿನದಿಂದ ಊಟ ಸ್ವಲ್ಪ ಜಾಸ್ತಿ ಮಾಡಿದೆ, ಅದರಲ್ಲಿ ಪ್ರೋಟೀನ್ ಹೆಚ್ಚಿಸಿದೆ. ಇಳಿಯುವ ವೇಗ ಅರ್ಧವಾಯಿತು, ವಿಡಿಯೋ ತಾನಾಗಿ ನಿಂತಿತು.

ವಾಕಿಂಗ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಕೆಲವರಿಗೆ ಬೇಜಾರಾಗಬಹುದು. ಒಂದು ಗಂಟೆ ಬಿರುಸಾಗಿ ನಡೆದರೆ ನನ್ನ ತೂಕಕ್ಕೆ ಸುಮಾರು 300 ಕ್ಯಾಲರಿ ಖರ್ಚು. ಅದನ್ನು ಐದು ನಿಮಿಷದಲ್ಲಿ ತಿಂದು ಮುಗಿಸಬಹುದು. ಆದರೂ ನಡೆಯುತ್ತೇನೆ, ಚೆನ್ನಾಗಿ ನಿದ್ದೆ ಬರುತ್ತೆ ಅಂತ. ನಿದ್ದೆಗೆಟ್ಟ ಮರುದಿನ ನನಗೆ ಏನು ತಿಂದರೂ ಸಾಲದು. ಭಾರ ಎತ್ತುವ ವ್ಯಾಯಾಮ ಶುರು ಮಾಡಿದಾಗ ತೂಕ ಇನ್ನೊಂದು ಆಟ ಆಡಿತು. ನೊಂದ ಸ್ನಾಯುಗಳು ನೀರು ಹಿಡಿದುಕೊಳ್ಳುತ್ತವೆ, ಹಾಗಾಗಿ ಅಂಕಿ ಮೇಲಕ್ಕೆ. ಅದೇ ಹೊತ್ತಿಗೆ ಪ್ಯಾಂಟು ಸೊಂಟದಲ್ಲಿ ಜಾರತೊಡಗಿತ್ತು. ಅವತ್ತಿಂದ ಟೇಪ್ ಹಿಡಿದು ಸೊಂಟದ ಅಳತೆಯನ್ನೂ ಬರೆಯುತ್ತೇನೆ.

ಜನರ ಮಾತು ಮಾತ್ರ ಯಾವ ಸರಾಸರಿಗೂ ಸಿಗುವುದಿಲ್ಲ. ಇಳಿದಾಗ "ಹುಷಾರಿಲ್ವಾ? ಮುಖ ಬತ್ತಿ ಹೋಗಿದೆ." ಏರಿದಾಗ "ಡಯಟ್ ಬಿಟ್ಬಿಟ್ರಾ?" ಒಬ್ಬರೇ ಎರಡನ್ನೂ ಕೇಳಿದ್ದುಂಟು. ಸುಮ್ನೆ ನಕ್ಕು ಮಾತು ಬದಲಾಯಿಸುತ್ತೇನೆ.

ಮಧ್ಯೆ ಮನೆಯಲ್ಲಿ ಕಾಯಿಲೆ ಬಂದು ಎಲ್ಲಾ ತಪ್ಪಿತು. ಆಸ್ಪತ್ರೆ ಓಡಾಟ, ಹೊತ್ತಿಲ್ಲದ ಹೊತ್ತಲ್ಲಿ ಸಿಕ್ಕಿದ್ದು ತಿನ್ನುವುದು. ನಾಲ್ಕು ಕಿಲೋ ಏರಿತು. ಮನೆ ಒಂದು ಹದಕ್ಕೆ ಬಂದ ಮೇಲೆ ಅದರಲ್ಲಿ ಅರ್ಧ ಬೇಗ ಇಳಿಯಿತು, ಅದು ನೀರು. ಉಳಿದರ್ಧಕ್ಕೆ ತಿಂಗಳುಗಳೇ ಹಿಡಿದವು. ಹಗುರಾದ ದೇಹಕ್ಕೆ ಬೇಕಾಗುವುದೂ ಕಮ್ಮಿ, ಹಾಗಾಗಿ ಮೊದಲು ಇಳಿಸಿದ ಊಟದ ಅಳತೆಯೇ ಈಗ ಹೊಟ್ಟೆ ತುಂಬಾ ಊಟ.

ಈಗ ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಸರಾಸರಿ 78 ದಾಟಿದರೆ ಮತ್ತೆ ಊಟ ಅಳೆಯುವುದು, ಅಲ್ಲಿವರೆಗೆ ಇಲ್ಲ. ಹೋದ ವಾರ 76.1 ಇತ್ತು, ಈ ವಾರ 76.3. ಇವತ್ತು ಊಟ ಎಂದಿನಂತೆ.